ಮೂರು ಅಮಾಸೆ, ಅರವತ್ನಾಲ್ಕು ಗೀಟು

ನಾಗಶ್ರೀ ಗೋಡೆಯ ಗೀಟುಗಳನ್ನು ಮೂರನೇ ಸಲ ಎಣಿಸಿದಳು. ತೋರುಬೆರಳನ್ನು ಸಿಮೆಂಟಿಗೆ ಒತ್ತಿ, ತುಟಿ ಅಲ್ಲಾಡಿಸದೆ, ಒಂದನ್ನೂ ಹಾರಿಸದೆ. ಮೂರನೇ ಸಲವೂ ಅರವತ್ನಾಲ್ಕೇ ಬಂತು. ಎಡಗೈಯಲ್ಲಿ ಗಂಡ ತಂದುಕೊಟ್ಟ ಕಾಗದವಿತ್ತು. ಅದು ಬೆವರಿಗೆ ಮೆತ್ತಗಾಗಿತ್ತು, ಮಡಿಕೆಯಲ್ಲಿ ಇಬೂತಿ ಹತ್ತಿಕೊಂಡಿತ್ತು.

"ಇಲ್ಲ ಅಂತ ಬರ್ದವ್ರಲ್ಲ, ಇನ್ನೇನ್ ಎಣಿಸ್ತಾ ನಿಂತಿದ್ದೀಯ?"

ಮಾದೇಶ ಹುಳುಮನೆಯ ಬಾಗಿಲಲ್ಲಿ ನಿಂತಿದ್ದ. ಕಾಲು ತೊಳೆಯದೆ ಒಳಗೆ ಬರುವಂತಿರಲಿಲ್ಲ, ಅವನು ತೊಳೆದಿರಲಿಲ್ಲ. ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಟ್ಟು ಬಂದ ಬೋಳುತಲೆಯ ಮೇಲೆ ಗಂಧ ಒಣಗಿ ಬಿರುಕು ಬಿಟ್ಟಿತ್ತು. ಆ ತಲೆಯಲ್ಲಿ ಅವನು ಬೇರೆ ಯಾರೋ ಆಗಿ ಕಾಣುತ್ತಿದ್ದ, ಅವಳ ಗಂಡನ ಕಣ್ಣನ್ನು ಎರವಲು ತಂದವನ ಹಾಗೆ.

"ಕೊಳ್ಳೇಗಾಲದ ಆಸ್ಪತ್ರೆ ಮೇಡಂ ಏನಂದಿದ್ರು?" ಅವಳು ತಿರುಗದೆ ಕೇಳಿದಳು.

"ಮೂರ್ ತಿಂಗ್ಳು ಅಂದಿದ್ರು. ಮೂರ್ ಅಮಾಸೆ ಆಯ್ತು."

"ಮೂರ್ ಅಮಾಸೆ ಆಯ್ತು. ಮೂರ್ ತಿಂಗ್ಳು ಆಗಿಲ್ಲ."

"ಅಮಾಸೆಯಿಂದ ಅಮಾಸೆಗೆ ಒಂದ್ ತಿಂಗ್ಳಲ್ವಾ?"

"ಮೊದಲ್ನೇ ಅಮಾಸೆ ನೀವು ರಾಮನಗರಕ್ಕೆ ಓದ ನಾಲ್ಕೇ ದಿನಕ್ಕೆ ಬಂತು. ಅದುನ್ನೂ ಒಂದ್ ತಿಂಗ್ಳು ಅಂತ ಹಿಡ್ಕಂಡಿದ್ದೀರಿ. ಇಲ್ನೋಡಿ, ಅರವತ್ನಾಲ್ಕು. ಇನ್ನೂ ಇಪ್ಪತ್ತಾರ್ ದಿನ ಅದೆ."

ಅವನು ಗೋಡೆಯನ್ನು ನೋಡಿದ. ಅವಳ ಬೆನ್ನ ಹಿಂದೆ ಹುಳುಗಳು ಮೇಯುತ್ತಿದ್ದವು. ಯಾರೋ ಅವಸರವಿಲ್ಲದೆ ಕೂತು ಒಂದೇ ಸಮನೆ ಕಾಗದ ಹರಿಯುತ್ತಿರುವಂಥ ಸದ್ದು.

ಮಾಂಬಳ್ಳಿಯ ಹೊರಗಿನ ಈ ಶೆಡ್ಡಿನಲ್ಲಿ ರೇಷ್ಮೆ ಹುಳು ಸಾಕುವುದು ನಾಗಶ್ರೀ. ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಹೇರುವುದು ಮಾದೇಶ. ಅಕ್ಕಪಕ್ಕದ ಊರುಗಳ ಗೂಡೂ ಅವನ ಟಾಟಾ ಏಸಿನಲ್ಲೇ ಹೋಗುತ್ತಿತ್ತು. ಹುಳುವಿಗೆ ದಿನದ ಲೆಕ್ಕ ತಪ್ಪಬಾರದೆಂದು ಅವಳು ಮದುವೆಯಾಗಿ ಬಂದಾಗಿನಿಂದ ಸೀಮೆಸುಣ್ಣದಲ್ಲಿ ದಿನಕ್ಕೊಂದು ಗೀಟು ಹಾಕುತ್ತಿದ್ದಳು. ಗೂಡು ಮಾರ್ಕೆಟ್ಟಿಗೆ ಹೋದ ದಿನದ ಗೀಟಿನ ತಲೆಯ ಮೇಲೆ ಒಂದು ಸೊನ್ನೆ. ಅವಳು ಎಣಿಸಲು ಶುರು ಮಾಡಿದ್ದು ಅಂಥದೊಂದು ಸೊನ್ನೆಯಿಂದ.

ಆ ಸೊನ್ನೆಯ ಮಾರನೆಯ ದಿನ ರಾಮನಗರದಿಂದ ಬಂದವನು ಚಾಪೆ ಸುತ್ತಿಕೊಂಡು ಜಗುಲಿಗೆ ಹೋಗಿದ್ದ. "ಮಾದಪ್ಪಂಗೆ ಅರಕೆ ಒತ್ಕಂಡಿವ್ನಿ. ಮೂರ್ ಅಮಾಸೆ ಬೆಟ್ಟಕ್ಕೆ ಓಯ್ತೀನಿ. ಅಲ್ಲೀಗಂಟ ಒಳಕ್ಕೆ ಮಲಗಾಕಿಲ್ಲ" ಅಂದಿದ್ದ. ಅವನ ತಾಯಿ ದೊಡ್ಡಬಸಮ್ಮ ಕೈಮುಗಿದಳು. ಮದುವೆಯಾಗಿ ನಾಲ್ಕು ವರ್ಷಕ್ಕೂ ತೊಟ್ಟಿಲು ಕಟ್ಟದ ಮನೆಯಲ್ಲಿ ಹರಕೆ ಅಂದರೆ ಯಾರೂ ಕಾರಣ ಕೇಳುವುದಿಲ್ಲ. ನಾಗಶ್ರೀಯೂ ಕೇಳಲಿಲ್ಲ.

ಹನ್ನೆರಡನೇ ದಿನ ಅವನಿಗೆ ಜ್ವರ ಬಂತು. ಹುಳುಮನೆಯಲ್ಲೂ ಅವತ್ತು ಜ್ವರ. ಪೊರೆ ಬಿಡುವ ಮುಂಚೆ ಹುಳು ಮೇವು ಬಿಡುತ್ತದೆ, ತಲೆ ಎತ್ತಿಕೊಂಡು ಇಡೀ ದಿನ ಮಿಸುಕದೆ ನಿಲ್ಲುತ್ತದೆ. ಅದನ್ನು ಜ್ವರ ಅಂತಲೇ ಕರೆಯುವುದು. ಒಂದು ಹುಳುವಿನ ಜೀವದಲ್ಲಿ ನಾಲ್ಕು ಜ್ವರ. ಮೇಯುವ ಸದ್ದು ನಿಂತುಹೋದ ಆ ಶೆಡ್ಡಿನ ಬಾಗಿಲಿಗೆ ಒರಗಿ ಕೂತು, ಹಲ್ಲು ಕಟಕಟ ಅನ್ನುತ್ತಿದ್ದಂತೆ, ಮಾದೇಶ ಹೇಳಿದ್ದ. ಲಾಡ್ಜು. ಹೆಸರು ಕೇಳದ ಹೆಂಗಸು. ಕರೆದುಕೊಂಡು ಹೋದವನು ಇನ್ನೊಬ್ಬ ಡ್ರೈವರು, ಮೂರ್ತಿ. ಆ ಮೂರ್ತಿಗೆ ರಕ್ತದಲ್ಲಿ ಎಚ್‌ಐವಿ ಇದೆಯೆಂದು ಮೊನ್ನೆ ಗೊತ್ತಾಗಿದೆ. "ನಂಗೂ ಅದೇ ಜ್ವರವೇನೋ ನಾಗು."

ಅವಳಿಗೆ ಅಳು ಬರಲಿಲ್ಲ. ಸ್ಟ್ಯಾಂಡಿನ ಮೂರೂ ಅಂತಸ್ತಿನಲ್ಲಿ ಸಾವಿರಾರು ಹುಳುಗಳು ತಲೆ ಎತ್ತಿ ಕೇಳಿಸಿಕೊಳ್ಳುತ್ತಿವೆ ಅನ್ನಿಸಿತು.

ಮಾರನೆಯ ದಿನ ಅವನು ಕೊಳ್ಳೇಗಾಲದ ಆಸ್ಪತ್ರೆಗೆ ಹೋಗಿ ಬಂದ. ಅಲ್ಲಿ ಪದ್ಮಿನಿ ಅಂತ ಆಪ್ತಸಮಾಲೋಚಕಿ ಇದ್ದರು. ಎಪ್ಪತ್ತೆರಡು ಗಂಟೆಯೊಳಗೆ ಬಂದಿದ್ದರೆ ತಡೆಯುವ ಮಾತ್ರೆ ಇತ್ತು, ಈಗ ಹೊತ್ತು ಮೀರಿದೆ ಅಂದಿದ್ದರು. ಜ್ವರ ನೂರೆಂಟು ಕಾರಣಕ್ಕೆ ಬರುತ್ತದೆ, ಅದರಿಂದ ಏನೂ ಹೇಳಲಾಗದು. ಇವತ್ತು ರಕ್ತ ನೋಡಿದರೂ ಅದು ಹಳೆಯ ಲೆಕ್ಕ. ಮೂರು ತಿಂಗಳು ತುಂಬಲಿ, ಬನ್ನಿ ಅಂದಿದ್ದರು. ಮೂರು ತಿಂಗಳು ಅನ್ನುವ ಮಾತು ಅವನ ಕಿವಿಗೆ ಬಿದ್ದಾಗ ಅಲ್ಲಿ ಮೂರು ಅಮಾಸೆ ಮೊದಲೇ ಜಾಗ ಹಿಡಿದು ಕೂತಿತ್ತು. ಮನೆಯಲ್ಲಿ ಹೇಳಿದ ಸುಳ್ಳೇ ಅವನ ಕ್ಯಾಲೆಂಡರಾಯಿತು. ನಿನ್ನೆ ಮೂರನೆಯ ಅಮಾಸೆ. ಇವತ್ತು ಬೆಟ್ಟ ಇಳಿದು ಬರುವಾಗ ಹನೂರಿನಲ್ಲಿ ಬಸ್ಸಿಂದ ಇಳಿದು, ಅಲ್ಲಿನ ಆಸ್ಪತ್ರೆಯಲ್ಲಿ "ಮೂರ್ ತಿಂಗ್ಳಾಯ್ತು" ಅಂತ ಹೇಳಿ, ರಕ್ತ ತೆಗೆಸಲು ಕೈ ಚಾಚಿದ್ದ.

"ಅಂದ್ರೆ ಈ ಕಾಗದ ಸುಳ್ಳಾ?" ಈಗ ಅವನು ಕೇಳಿದ.

"ನಂಗೊತ್ತಿಲ್ಲ."

"ಬೋಳಿಸ್ಕಂಡ್ ಬಂದಿವ್ನಿ ಕಣೇ!"

ತನಗೇ ಅನ್ಯಾಯವಾಯಿತು ಅನ್ನುವಂಥ ಅವನ ದನಿಗೆ ಅವಳಿಗೆ ಒಂದು ಗಳಿಗೆ ನಗು ಬಂತು. ನಗಲಿಲ್ಲ. ಸೀಮೆಸುಣ್ಣ ಎತ್ತಿಕೊಂಡು ಅರವತ್ನಾಲ್ಕನೇ ಗೀಟಿನ ಪಕ್ಕದ ಖಾಲಿ ಜಾಗವನ್ನು ಅಂಗೈಯಿಂದ ಒರೆಸಿದಳು.

ಅಂಗಳದಲ್ಲಿ ದೊಡ್ಡಬಸಮ್ಮ ಮಗನ ತಟ್ಟೆ ಲೋಟಗಳನ್ನು ಉಳಿದ ಪಾತ್ರೆಗಳ ಜೊತೆ ಸೇರಿಸಿ ಬೆಳಗುತ್ತಿದ್ದಳು. ಇಷ್ಟು ದಿನ ಅವು ಬೇರೆ ಇದ್ದವು. ಹರಕೆಯ ಮಡಿ ಎಂದು ಅವಳು ತಿಳಿದಿದ್ದಳು. ಬೇರೆ ಇಟ್ಟದ್ದು ನಾಗಶ್ರೀ. ಲೋಟದಿಂದ ಬರುವ ಕಾಯಿಲೆಯಲ್ಲ ಅದು, ಅವಳಿಗೆ ಗೊತ್ತಿತ್ತು. ಆದರೂ ದಿನಾ ಕೈ ತಾನಾಗಿ ಅದನ್ನು ದೂರ ಇಡುತ್ತಿತ್ತು. ಇಟ್ಟ ಮೇಲೆ ಆ ಕೈಯ ಮೇಲೆ ಅವಳಿಗೆ ನಾಚಿಕೆಯಾಗುತ್ತಿತ್ತು.

"ಚಾಪೆ ಒಳಕ್ಕೆ ಆಕ್ಲಾ ಮಾದೇಸಾ," ಮುದುಕಿ ಕೂಗಿದಳು. "ಮಾದಪ್ಪನೇ ನಿನ್ನ ಬುಟ್ಟವ್ನೆ, ಜಗುಲಿ ನಿನ್ನ ಬುಡಾಕಿಲ್ಲ ಅಂತದಾ?"

"ಅತ್ತೆ, ಇನ್ನೊಂದ್ ಅಮಾಸೆ ಓಗ್ಬೇಕಂತೆ," ನಾಗಶ್ರೀ ಶೆಡ್ಡಿನಿಂದ ಬಂದು ಹೇಳಿದಳು. "ಮೊದಲ್ನೇದು ಲೆಕ್ಕಕ್ಕಿಲ್ವಂತೆ."

"ಯಾರಂದೋರು? ಪೂಜೆ ಮಾಡೋ ತಮ್ಮಡಿ ಅಂದ್ರಾ?"

ಮಾದೇಶ ಅವಳನ್ನು ನೋಡಿದ. "ಊ. ತಮ್ಮಡಿನೇ ಅಂದ್ರು" ಅಂದ.

ದೊಡ್ಡಬಸಮ್ಮ ತೊಳೆದ ಲೋಟವನ್ನು ಠಣ್ಣನೆ ಕುಕ್ಕಿದಳು. "ಊರ್‍ಗೆಲ್ಲ ಮೂರ್ ಅಮಾಸೆ, ನನ್ ಮಗನ್ಗೆ ನಾಲ್ಕು! ಎಣಿಸ್ಕಂಡ್ ಕೂತ್ಕೊಳಮ್ಮಿ ನೀನು. ನಿನ್ ಹುಳೂಗಾದ್ರೂ ಬುದ್ಧಿ ಅದೆ, ಇಪ್ಪತ್ತೈದ್ ದಿನಕ್ಕೆ ಗೂಡು ಕಟ್ತವೆ." ಆಮೇಲೆ, ದೇವರಿಗೆ ಸಂಬಂಧಪಟ್ಟದ್ದೆಂದು ಹೆದರಿ ಕೆನ್ನೆ ಬಡಿದುಕೊಂಡು, ಮಗನ ತಟ್ಟೆಯನ್ನು ಮತ್ತೆ ಬೇರೆ ಇಟ್ಟಳು.

ನಾಲ್ಕನೇ ಅಮಾಸೆಗೆ ಉಳಿದಿದ್ದ ಆ ಇಪ್ಪತ್ತೆಂಟು ದಿನ ನಾಗಶ್ರೀ ಕಣ್ಣುಗಳಿಂದಲೇ ಬದುಕಿದಳು. ಅವನು ಕೆಮ್ಮಿದರೆ ನೋಡಿದಳು. ಅನ್ನ ಬಿಟ್ಟರೆ ನೋಡಿದಳು. ಬಿಡದೆ ಉಂಡರೆ ಇನ್ನೂ ಹೆಚ್ಚು ನೋಡಿದಳು. ಹಾಲುತೊಂಡೆ ಅಂತ ಹುಳುಗಳಿಗೆ ಒಂದು ರೋಗವಿದೆ. ಮೊದಮೊದಲು ಗೊತ್ತೇ ಆಗುವುದಿಲ್ಲ. ಹುಳು ಚೆನ್ನಾಗಿ ಮೇಯುತ್ತದೆ, ಬೆಳೆಯುತ್ತದೆ, ಜ್ವರಕ್ಕೆ ಕೂತು ಏಳುತ್ತದೆ. ಗೂಡಿಗೆ ಇನ್ನು ನಾಲ್ಕೈದು ದಿನ ಅನ್ನುವಾಗ ಗೆಣ್ಣುಗಳು ಊದಿ, ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ನೀರು ಬರುತ್ತದೆ. ಯಾವ ದಿನ ಒಳಗೆ ಹೊಕ್ಕಿತು ಎಂದು ಯಾರೂ ಹೇಳಲಾರರು. ಅವಳು ಸೊಪ್ಪು ಹಾಕುತ್ತಾ ಚೆನ್ನಾಗಿ ಮೇಯುವ ಹುಳುಗಳನ್ನೇ ಬೆರಳಿನಿಂದ ಹೊರಳಿಸಿ ನೋಡುತ್ತಿದ್ದಳು. ಎಲ್ಲವೂ ಚೆನ್ನಾಗಿದ್ದವು. ಅವಳಿಗೆ ಅದೇ ಭಯ.

ಕೆಲವು ಸಲ, ಸಂಜೆಯ ಬಿಸಿಲು ಶೆಡ್ಡಿನ ಜಾಲರಿಯಿಂದ ಬೀಳುವಾಗ, ಬಾಗಿಲಲ್ಲಿ ಯಾರೋ ಕೂತು ಹಲ್ಲು ಕಡಿಯುತ್ತಿರುವಂತೆ ಕೇಳುತ್ತಿತ್ತು. ತಿರುಗಿದರೆ ಯಾರೂ ಇರುತ್ತಿರಲಿಲ್ಲ. ಆ ರಾಮನಗರದ ಹೆಂಗಸಿಗೂ ಅವಳು ಒಂದು ಮುಖ ಕೊಟ್ಟಿದ್ದಳು: ಅಗಲ ಹಣೆ, ಸುಸ್ತಾದ ಕಣ್ಣು. ಆ ಮುಖ ಏನೂ ಮಾಡುತ್ತಿರಲಿಲ್ಲ. ಸೊಪ್ಪಿನ ಕಡ್ಡಿಗಳ ಆಚೆ ಸುಮ್ಮನೆ ಇರುತ್ತಿತ್ತು, ಅದೂ ಯಾವುದೋ ಕಾಗದಕ್ಕೆ ಕಾಯುತ್ತಿರುವ ಹಾಗೆ.

ಎಪ್ಪತ್ನಾಲ್ಕನೇ ದಿನ ಆ ಬೆಳೆಯ ಗೂಡು ಹೋಯಿತು. ಮಾದೇಶ ಚೀಲಗಳನ್ನು ಹೇರಿಕೊಂಡು ಹೋದ. ಅದೇ ಸಂಜೆ ಬರಬೇಕಿದ್ದವನು ಮಾರನೆಯ ಬೆಳಿಗ್ಗೆ ಬಂದ. ದಾರಿಯಲ್ಲಿ ಟೈರು ಪಂಕ್ಚರ್ ಅಂದ. ಬೋರಿನ ಹತ್ತಿರ ಬಹಳ ಹೊತ್ತು ಸ್ನಾನ ಮಾಡಿದ. ನಾಗಶ್ರೀ ಗೀಟಿನ ಮೇಲೆ ಸೊನ್ನೆ ಹಾಕಿದಳು.

ನಾಲ್ಕನೇ ಅಮಾಸೆಗೆ ತೊಂಬತ್ತೆರಡು ಗೀಟು. ಬೆಟ್ಟಕ್ಕೆಂದು ಹೇಳಿ ಇಬ್ಬರೂ ಹೊರಟರು. ಬಸ್ಸಿನ ತುಂಬ ಅಮಾಸೆಯ ಜನ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಮುಂದೆ ಸಿಕ್ಕಿ ಬಸ್ಸು ನಿಂತು ನಿಂತು ಹೋಗುತ್ತಿತ್ತು. ನಿಂತಾಗಲೆಲ್ಲ ಹಿಂದಿನ ಸೀಟಿನವರು "ಉಘೇ ಮಾದಪ್ಪ" ಅನ್ನುತ್ತಿದ್ದರು.

"ಅವ್ವ ಪರ್ಸಾದ ಕೇಳುದ್ರೆ?" ಮಾದೇಶ ಪಿಸುಗುಟ್ಟಿದ. ಅವನ ತಲೆಯ ಮೇಲೆ ಅರ್ಧ ಬೆರಳು ಕೂದಲು ಬಂದಿತ್ತು.

"ಓದ್ ಸಲದ ಇಬೂತಿ ಒಂದ್ ಪೊಟ್ಣ ಮಡಗಿವ್ನಿ."

"ಅದು ಹಳೇದು."

"ಇಬೂತೀಲಿ ಹಳೇದು ಹೊಸದು ಯಾರ್‍ಗೆ ಗೊತ್ತಾಯ್ತದೆ?"

ಕೊಳ್ಳೇಗಾಲದಲ್ಲಿ ಅವರಿಬ್ಬರೇ ಇಳಿದರು. ಕಿಟಕಿಯಲ್ಲಿ ಕೂತಿದ್ದ ಅವರೂರಿನ ಕೆಂಪನಂಜಪ್ಪ ತಲೆ ಹೊರಗೆ ಹಾಕಿ, "ಏನ್ಲಾ, ದೇವ್ರು ಮುಂದಕ್ಕವ್ನೆ ಕಣ್ಲಾ!" ಅಂದ. "ಇಲ್ಲಿ ಒಸಿ ಕೆಲ್ಸ ಅದೆ ಕಣಣ್ಣ, ಮುಂದಿನ್ ಬಸ್ಸಿಗೆ ಬತ್ತೀವಿ" ಅಂದ ಮಾದೇಶ. ಬಸ್ಸು ಹೋಯಿತು.

ಪದ್ಮಿನಿ ಮೇಡಂ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಮೇಜು, ಗೋಡೆಯ ತುಂಬ ಬಣ್ಣದ ಚಿತ್ರಗಳು. "ಇಬ್ಬರೂ ಒಟ್ಟಿಗೆ ಕೂರ್ತೀರಾ, ಒಬ್ಬೊಬ್ಬರೇ ಬರ್ತೀರಾ?" ಎಂದು ಅವರು ಕೇಳಿದರು. "ಒಟ್ಟಿಗೇ" ಅಂದ ಮಾದೇಶ. ರಕ್ತ ತೆಗೆದುಕೊಂಡು ಹೋದ ಮೇಲೆ ನಾಗಶ್ರೀ ಹನೂರಿನ ಕಾಗದವನ್ನು ಮೇಜಿನ ಮೇಲಿಟ್ಟಳು.

"ಇದು ಅರವತ್ನಾಲ್ಕನೇ ದಿನದ್ದು ಮೇಡಂ. ಇದು ಸುಳ್ಳಾ?"

ಪದ್ಮಿನಿ ಕಾಗದ ನೋಡಿದರು. ಅವಳನ್ನೂ ನೋಡಿದರು. "ಸುಳ್ಳಲ್ಲಮ್ಮ. ಇದ್ದಿದ್ರೆ ಬಹಳಷ್ಟು ಜನಕ್ಕೆ ಅಷ್ಟೊತ್ತಿಗೆ ಗೊತ್ತಾಗಿಬಿಡುತ್ತೆ. ಆದ್ರೆ ಎಲ್ಲರಿಗೂ ಅಲ್ಲ. ಇಲ್ಲಿ ನಾವು ನೋಡೋದು ವೈರಸ್ಸನ್ನಲ್ಲ. ಅದು ಬಂದಿದೆ ಅಂತ ಮೈ ಒಳಗೇ ಒಂದು ತಯಾರಿ ಮಾಡ್ಕೊಳ್ಳುತ್ತಲ್ಲ, ಅದನ್ನ. ಕೆಲವರ ಮೈ ಬೇಗ ಮಾಡ್ಕೊಳ್ಳುತ್ತೆ, ಕೆಲವರದು ನಿಧಾನ. ನಿಧಾನದೋರಿಗೂ ಸಾಕಾಗ್ಲಿ ಅಂತ ಮೂರು ತಿಂಗಳು."

"ಅಲ್ಲೀವರೆಗೆ ಒಳಗಿದ್ರೂ ಕಾಣಲ್ಲ."

"ಕಾಣ್ದೆ ಇರಬಹುದು."

"ಹಾಲುತೊಂಡೆ ಥರ," ಅಂದಳು ನಾಗಶ್ರೀ. ಪದ್ಮಿನಿಗೆ ಅರ್ಥವಾಗಲಿಲ್ಲ. ನಾಗಶ್ರೀ ವಿವರಿಸಿದಳು: ಚೆನ್ನಾಗಿ ಮೇಯುವ ಹುಳು, ಊದುವ ಗೆಣ್ಣು. ಪದ್ಮಿನಿ ಪೆನ್ನು ಕೆಳಗಿಟ್ಟು ಕೇಳಿದರು. "ಹದಿನಾರು ವರ್ಷದಿಂದ ಇದೇ ಮಾತು ಹೇಳ್ತಿದ್ದೀನಿ, ಜನ ತಲೆ ಆಡಿಸ್ತಾರೆ ಅಷ್ಟೆ. ನೀನು ಹುಳು ಸಾಕಿ ತಿಳ್ಕೊಂಡಿದ್ದೀಯ. ಇನ್ಮುಂದೆ ನಿನ್ನ ಹುಳಾನೇ ಹೇಳ್ತೀನಿ" ಎಂದು ನಕ್ಕರು. ನಾಗಶ್ರೀ ನಗಲಿಲ್ಲ. ಮಾದೇಶ ತನ್ನ ಮೊಣಕೈಯ ಮೇಲಿನ ಹತ್ತಿಯನ್ನು ಎತ್ತಿ ನೋಡಿ, ಮತ್ತೆ ಅಲ್ಲಿಗೇ ಒತ್ತಿದ.

ಅರ್ಧ ಗಂಟೆಯಾದ ಮೇಲೆ ಹೊಸ ಕಾಗದ ಬಂತು. ಪದ್ಮಿನಿ ಅದನ್ನು ಓದಿ, ಅವರಿಬ್ಬರ ಕಡೆಗೆ ತಿರುಗಿಸಿ ಇಟ್ಟರು.

"ನೆಗೆಟಿವ್. ಇಲ್ಲ ಅಂತ. ಮೂರು ತಿಂಗಳು ದಾಟಿರೋದ್ರಿಂದ ಆ ರಾತ್ರಿಯದು ಮುಗೀತು. ಅದಕ್ಕೋಸ್ಕರ ಇನ್ನೊಂದು ಟೆಸ್ಟ್ ಬೇಕಾಗಿಲ್ಲ."

ಮಾದೇಶ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಹತ್ತಿಯ ಉಂಡೆ ನೆಲಕ್ಕೆ ಬಿತ್ತು. ಇವತ್ತೇ ಚಾಪೆ ಒಳಗೆ ಹಾಕಬಹುದು, ಅತ್ತೆಯ ಬಾಯಿ ಮುಚ್ಚಿಸಬಹುದು, ಬರುವ ವರ್ಷ ಇಷ್ಟು ಹೊತ್ತಿಗೆ ತೊಟ್ಟಿಲು ಕಟ್ಟಬಹುದು ಎಂದು ನಾಗಶ್ರೀಯ ಮನಸ್ಸು ಓಡತೊಡಗಿತ್ತು.

"ಒಂದು ಮಾತು," ಅಂದರು ಪದ್ಮಿನಿ. "ಇದನ್ನ ಎಲ್ಲರಿಗೂ ಹೇಳ್ತೀನಿ, ತಪ್ಪು ತಿಳೀಬೇಡಿ. ಈ ಕಾಗದದ ಮೇಲೆ ಇವತ್ತಿನ ತಾರೀಖು ಇದೆ. ಆದ್ರೆ ಇದು ಗಟ್ಟಿಯಾಗಿ ಹೇಳೋದು ಮೂರು ತಿಂಗಳ ಹಿಂದಿನವರೆಗಿನ ವಿಚಾರ. ಆಮೇಲೆ ಏನೂ ಆಗಿಲ್ಲ ಅಂದ್ರೆ ಯೋಚನೆಯಿಲ್ಲ. ಆಗಿದ್ರೆ ಆ ದಿನದಿಂದ ಮತ್ತೆ ಮೊದಲಿಂದ ಎಣಿಸ್ಬೇಕು. ಈ ಮಧ್ಯದ್ದನ್ನ ಮೆಷೀನು ಹೇಳಲ್ಲ."

"ಇಲ್ಲ ಮೇಡಂ," ಅಂದ ಮಾದೇಶ.

ಯಾರೂ ಅವನನ್ನು ಕೇಳಿರಲಿಲ್ಲ. ಅವನು ಗೋಡೆಯ ಮೇಲಿನ ಚಿತ್ರವನ್ನು ನೋಡುತ್ತಿದ್ದ. ಅದರಲ್ಲಿ ಗಂಡ, ಹೆಂಡತಿ, ಒಂದು ಮಗು, ಮೂವರೂ ಒಂದೇ ಕೊಡೆಯ ಕೆಳಗೆ. ಮೇಜಿನ ಮೇಲೊಂದು ಇಲ್ಲ, ಅವನ ಬಾಯಲ್ಲೊಂದು ಇಲ್ಲ. ಎರಡನೆಯದಕ್ಕೆ ಮೊಹರು ಇರಲಿಲ್ಲ. ನಾಗಶ್ರೀ ಕಾಗದವನ್ನು ಮಡಚಿ ಸೆರಗಿನೊಳಗೆ ಇಟ್ಟುಕೊಂಡಳು.

ವಾಪಸು ಬರುವಾಗ ಬಸ್ಸು ಖಾಲಿ ಇತ್ತು. ದೊಡ್ಡಬಸಮ್ಮ ಹಳೆಯ ಇಬೂತಿಯನ್ನು ಕಣ್ಣಿಗೊತ್ತಿಕೊಂಡಳು. "ಇಷ್ಟ್ ಬಿರ್‍ನೆ ಬಂದ್ಬುಟ್ರಲ್ಲ, ದರ್ಸನ ಚೆನ್ನಾಗಾಯ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಹಾಡಿನ ಹಾಗೆ ಏನೋ ಗೊಣಗುತ್ತಾ ಜಗುಲಿಯ ಚಾಪೆಯನ್ನು ತಾನೇ ಕೊಡವಿ ಸುತ್ತಿ ಒಳಕೋಣೆಯ ಬಾಗಿಲಿಗೆ ಒರಗಿಸಿದಳು.

ನಾಗಶ್ರೀ ಕಾಲು ತೊಳೆದು ಹುಳುಮನೆಗೆ ಹೋದಳು. ಹೊಸ ಬೆಳೆ ಬೆಳಗಿನಿಂದ ನಾಲ್ಕನೇ ಜ್ವರಕ್ಕೆ ಕೂತಿತ್ತು. ಒಳಗೆ ಸದ್ದೇ ಇರಲಿಲ್ಲ. ಒದ್ದೆಯಾಗದಿರಲಿ ಎಂದು ಬೆಳಿಗ್ಗೆ ಹುಳುಗಳ ಮೇಲೆ ಚಿಮುಕಿಸಿದ್ದ ಸುಣ್ಣದ ಪುಡಿಯಲ್ಲಿ ಅವು ಬೆಳ್ಳಗೆ, ತಲೆ ಎತ್ತಿ, ನಿಂತಲ್ಲೇ ನಿಂತಿದ್ದವು. ಅವಳು ಗೋಡೆಯ ಹತ್ತಿರ ಹೋಗಿ, ಒದ್ದೆ ಬಟ್ಟೆ ತೆಗೆದುಕೊಂಡಳು. ತೊಂಬತ್ತೆರಡು ಗೀಟನ್ನೂ ಒರೆಸಿಬಿಡಬೇಕು ಎಂದುಕೊಂಡಿದ್ದಳು.

ಹಿಂದೆ ನೀರಿನ ಸದ್ದಾಯಿತು. ಮಾದೇಶ ಕಾಲು ತೊಳೆಯುತ್ತಿದ್ದ. ಒಂದು ಕಾಲು, ಇನ್ನೊಂದು ಕಾಲು, ಮತ್ತೆ ಮೊದಲನೆಯದು. ಆಮೇಲೆ ಒಳಗೆ ಬಂದು ಅವಳ ಪಕ್ಕದಲ್ಲಿ ನಿಂತ.

"ಒರಸ್ಬ್ಯಾಡ" ಅಂದ.

ಅವಳ ಕೈ ನಿಂತಿತು.

"ಒರಸ್ಬ್ಯಾಡ ನಾಗು. ನಾ ಅಲ್ಲೇ ಹೇಳ್ಬೇಕಾಗಿತ್ತು. ಆ ಮೇಡಂ ಮುಂದೆ ಬಾಯಿ ಬರ್ಲಿಲ್ಲ."

ಅವನ ಒದ್ದೆ ಬೆರಳು ಗೋಡೆಯ ಮೇಲೆ ನಿಧಾನವಾಗಿ ಸರಿಯಿತು. ಮೊದಲ ಸೊನ್ನೆಯನ್ನು ದಾಟಿತು. ನಡುವೆ ಹೋದ ಬೆಳೆಯ ಸೊನ್ನೆಯನ್ನೂ ದಾಟಿತು. ಎಪ್ಪತ್ನಾಲ್ಕನೇ ಗೀಟಿನ ತಲೆಯ ಮೇಲಿದ್ದ ಸೊನ್ನೆಯ ಹತ್ತಿರ ಬಂದು ನಿಂತಿತು. ಬೆರಳಿನ ನೀರು ಗೀಟಿನ ಗುಂಟ ಕೆಳಗಿಳಿಯಿತು.

"ಪಂಕ್ಚರ್ ಆಗಿರ್ಲಿಲ್ಲ" ಅಂದ.

ನಾಗಶ್ರೀ ಆ ಸೊನ್ನೆಯನ್ನು ನೋಡಿದಳು. ಅದನ್ನು ಹಾಕಿದ್ದು ಅವಳದೇ ಕೈ. ಅಗಲ ಹಣೆಯ ಆ ಹೆಂಗಸು ಸ್ಟ್ಯಾಂಡಿನ ಆಚೆ ಇದ್ದಾಳೇನೋ ಎಂದು ತಿರುಗಿ ನೋಡಬೇಕೆನಿಸಿತು. ತಿರುಗಲಿಲ್ಲ. ಅಂಗಳದಲ್ಲಿ ದೊಡ್ಡಬಸಮ್ಮ ಮಗನ ಲೋಟವನ್ನು ಎಲ್ಲ ಲೋಟಗಳ ಜೊತೆ ಸೇರಿಸುವ ಸದ್ದು ಕೇಳುತ್ತಿತ್ತು.

ಮಾದೇಶ ಕಿಟಕಿಯ ಕಟ್ಟೆಯಿಂದ ಸೀಮೆಸುಣ್ಣದ ತುಂಡು ಎತ್ತಿಕೊಂಡ. ಅಂಗೈಯ ಮೇಲಿಟ್ಟು ಅವಳ ಮುಂದೆ ಹಿಡಿದ.

"ನಾ ಜಗುಲೀಲೇ ಇರ್ತೀನಿ. ಗಾಡಿ ಮುಟ್ಟಾಕಿಲ್ಲ. ಅವ್ವನ್ಗೆ ಏನಾದ್ರೂ ಹೇಳಾನ, ಇನ್ನೂ ಮೂರ್ ಅಮಾಸೆ ಅನ್ನಾನ. ಇಲ್ಲಿಂದ ಎಣಿಸು ನಾಗು. ನೀ ಎಣಿಸುದ್ರೆ ತಪ್ಪಾಕಿಲ್ಲ. ತಗಾ."

ಹುಳುಗಳು ತಲೆ ಎತ್ತಿಕೊಂಡೇ ಇದ್ದವು.

"ನಾ ಎಣ್ಸಾಕಿಲ್ಲ" ಅಂದಳು ನಾಗಶ್ರೀ.